ಬಂದ್ ಮಾಡಿದ ಕೈ

"ಈಗ ಬಂದ್ ಮಾಡು," ಎಂದ ಅಣ್ಣ ಓಂಕಾರ.

ಆಮ್ರಪಾಲಿ ಮೌಸ್ ಹಿಡಿದು ಶಟ್ ಡೌನ್ ಒತ್ತಿದಳು. ಪರದೆ ನೀಲಿಯಾಯಿತು. ಸಣ್ಣ ಚುಕ್ಕಿಗಳು ಗುಂಡಗೆ ತಿರುಗತೊಡಗಿದವು, ಸ್ವಲ್ಪ ಕಾಯಿರಿ ಎಂದು ಯಂತ್ರ ಕೇಳಿಕೊಂಡಿತು, ಆಮೇಲೆ ಎಲ್ಲ ಕಪ್ಪಾಯಿತು.

ಅಣ್ಣ ಅದನ್ನು ಮತ್ತೆ ಚಾಲೂ ಮಾಡಿದ. ಆಗಷ್ಟೇ ಅದರೊಳಗೆ ಇಟ್ಟಿದ್ದ ಅವ್ವನ ಫೋಟೋ, ಬಚ್ಚಲ ಕಲ್ಲಿನ ಮೇಲೆ ಕುಳಿತು ಪಾತ್ರೆ ತಿಕ್ಕುತ್ತ ನಗುತ್ತಿರುವ ಫೋಟೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

"ನೀ ಅಳಸಿದೇನು?"

"ಇಲ್ಲ."

"ನಾನೂ ಅಳಸಿಲ್ಲ. ಅದಕ್ಕ ಮೊದಲ ಹೇಳಿಟ್ಟಿದ್ದೆ, ಬಂದ್ ಆಗೂ ಮುಂದ ಈ ಕೆಲಸಾ ಮುಗಿಸಿ ಬಂದ್ ಆಗು ಅಂತ. ಹೇಳಿದಂಗ ಕೇಳ್ತು."

ಹುಕ್ಕೇರಿ ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲು ಹತ್ತಿ ಹೋದರೆ ಸಿಗುವ ಈ ಕಂಪ್ಯೂಟರ್ ಕ್ಲಾಸು ಓಂಕಾರನದು. ಕೆಳಗೆ ಸಂತೆ ನೆರೆದಿತ್ತು. ಒಣಮೆಣಸಿನಕಾಯಿಯ ಘಾಟು ಕಿಟಕಿಯಿಂದ ನುಗ್ಗಿ ಬಂದು ಆಮ್ರಪಾಲಿಯ ಕಣ್ಣಲ್ಲಿ ನೀರಾಡಿತು. ಘಾಟಿಗೇ ಬಂತೆಂದು ಅಣ್ಣ ತಿಳಿದುಕೊಂಡ. ತಿಳಿದುಕೊಳ್ಳಲಿ ಬಿಡಿ. ಪಿಎಸ್‌ಐ ಆದವಳು ಅಣ್ಣನ ಎದುರಿಗಾದರೂ ಅಳುವುದು ಚಂದ ಕಾಣುವುದಿಲ್ಲ.

ಆ ಚುಕ್ಕಿಗಳು ತಿರುಗುವುದನ್ನು ಅವಳು ಮೊದಲೊಮ್ಮೆ ನೋಡಿದ್ದಳು. ಮೂಡಲಗಿ ರಸ್ತೆಯ ದುರ್ಗಪ್ಪನ ಕಾಟಾದಲ್ಲಿ, ಕಾವಲುಗಾರ ಉದ್ದಪ್ಪ ಸತ್ತುಬಿದ್ದ ದಿನ.

ಕಬ್ಬಿನ ಟ್ರ್ಯಾಕ್ಟರುಗಳು ಬಂದು ತೂಕ ಮಾಡಿಸುವ ಜಾಗ ಅದು. ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ಪ್ಲೇಟು, ಬಾಜೂದಲ್ಲೊಂದು ಕೋಣೆ, ಕೋಣೆಯೊಳಗೊಂದು ಕಂಪ್ಯೂಟರು. ಪ್ಲೇಟಿನ ಮೇಲೆ ಗಾಲಿ ಹತ್ತಿದರೆ ಸಾಕು, ಕಂಬದ ಮೇಲಿನ ಕ್ಯಾಮರಾ ತಾನೇ ಒಂದು ಫೋಟೋ ಹೊಡೆಯುತ್ತದೆ. ಗಾಲಿ ಇಳಿದಾಗ ಇನ್ನೊಂದು. ಅವತ್ತು ನಸುಕಿನಲ್ಲಿ ಉದ್ದಪ್ಪ ಆ ಪ್ಲೇಟಿನ ಅಂಚಿಗೆ ತಲೆಯೊಡೆದು ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕಂಬಳಿಯನ್ನು ಅವನಿಗೆ ಹೊದಿಸಿ ಕುಳಿತಿದ್ದವನು ಮಸಗುಪ್ಪಿಯ ಕುರಿಗಾರ ಸಿದ್ರಾಯ.

ಹಿಂದಿನ ಸಂಜೆ ಕುರಿಗಳು ಕಾಟಾದ ಅಂಗಳಕ್ಕೆ ನುಗ್ಗಿದವೆಂದು ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತ್ತು. ಸಿದ್ರಾಯ ಬಡಿಗೆ ಎತ್ತಿದ್ದನ್ನು ಕಂಡವರಿದ್ದರು. ಗಾಡಿಯೊಂದು ಬಂದು ಗುದ್ದಿ ಹೋಯಿತು, ಮಂಜಿನಲ್ಲಿ ಹಿಂದಿನ ಕೆಂಪು ದೀಪವಷ್ಟೇ ಕಂಡಿತು ಎಂದು ಅವನು ಹೇಳಿದ್ದೇ ಹೇಳಿದ. ಯಾವ ಗಾಡಿ ಎಂದು ಕೇಳಿದರೆ ಗೊತ್ತಿಲ್ಲ. ಅವನಿಗೆ ಬೇಡಿ ತೊಡಿಸಿದವಳು ಆಮ್ರಪಾಲಿಯೇ. ಫೋಟೋದಲ್ಲಿ ಗಾಡಿ ಕಂಡರೆ ಈ ಬೇಡಿಯನ್ನು ನಾನೇ ಬಿಚ್ಚುತ್ತೇನೆ ಎಂದು ಅವನಿಗೆ ಮಾತು ಕೊಟ್ಟವಳೂ ಅವಳೇ.

ಈಗ ಫೋಟೋಗಳೇ ಇಲ್ಲ. ಸೋಮವಾರ ಕೊಲೆಯ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕು. ಅದಕ್ಕೆ ಸಹಿ ಹಾಕಬೇಕಾದ ಕೈಯೂ ಅವಳದೇ.

ಜಪ್ತಿ ಮಾಡಿದ ಕಂಪ್ಯೂಟರನ್ನು ಪರೀಕ್ಷಿಸುತ್ತಿದ್ದ ಪೊಲೀಸ್ ಲ್ಯಾಬಿನವರು ಬೆಳಿಗ್ಗೆ ಫೋನು ಮಾಡಿದ್ದರು. ಫೋಟೋಗಳ ಫೋಲ್ಡರ್ ಖಾಲಿ, ಇಂಥ ಹೊಸ ನಮೂನೆಯ ಡಿಸ್ಕಿನಲ್ಲಿ ಅಳಿಸಿಹೋದದ್ದು ಮರಳಿ ಬರುವುದಿಲ್ಲ, ಅಳಿಸಿದ ಹೊತ್ತು ನೋಡಿದರೆ ನೀವು ಜಪ್ತಿ ಮಾಡಿದ ಹೊತ್ತೇ ಆಗಿದೆ ಎಂದಿದ್ದರು. ಯಂತ್ರ ಬಂದ್ ಆಗುವಾಗ ತಾನಾಗಿ ನಡೆಯುವ ಸಣ್ಣದೊಂದು ಆದೇಶ ಒಳಗೆ ಸಿಕ್ಕಿದೆ ಎಂದು ಅದರ ಚಿತ್ರವನ್ನೂ ಮೊಬೈಲಿಗೆ ಕಳಿಸಿದ್ದರು.

"ಅಣ್ಣಾ, ಅವತ್ತ ನಾ ಸೀದಾ ವಾಯರ್ ಕಿತ್ತಿದ್ರ ಏನಾಗ್ತಿತ್ತು?"

ಓಂಕಾರ ಮೌಸನ್ನು ಪಕ್ಕಕ್ಕೆ ಸರಿಸಿದ. ತಂಗಿಯ ಮನಸ್ಸು ನೋಯಿಸಲು ಅವನಿಗೆ ಯಾವತ್ತೂ ಬಾರದು. ಆದರೆ ಸುಳ್ಳು ಹೇಳಲೂ ಬಾರದು.

"ವಾಯರ್ ಕಿತ್ತಿದ್ರ ಅದಕ್ಕ ಈ ಕೆಲಸಾ ಮಾಡಾಕ ಪುರಸೊತ್ತ ಸಿಗ್ತಿದ್ದಿಲ್ಲ. ಫೋಟೋ ಇದ್ದಲ್ಲೇ ಇರ್ತಿದ್ವು."

ವಾಯರ್ ಕೀಳಬೇಡ, ಯಾವಾಗಲೂ ಸರಿಯಾಗಿ ಬಂದ್ ಮಾಡು ಎಂದು ಅವಳಿಗೆ ಕಲಿಸಿದವನು ಇದೇ ಅಣ್ಣ. ಅವಳು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಮೂಡಲಗಿಯಲ್ಲಿ ರಾತ್ರಿಯೆಲ್ಲ ಬಂದೋಬಸ್ತಿಗೆ ನಿಂತು, ಗೋಕಾಕಕ್ಕೆ ಬಂದು ಚಹಾದ ಕಪ್ಪು ಬಾಯಿಗಿಡುವಷ್ಟರಲ್ಲಿ ಫೋನು ಬಂದು, ಮತ್ತೆ ಕಾಟಾಕ್ಕೆ ಓಡಿದ ದಿನ ಅದು. ತಲೆ ಜಡವಾಗಿತ್ತು. ಅಲ್ಲೇ ನಿಂತು ಫೋಟೋ ತೆರೆದು ನೋಡುವ ಬದಲು, ಲ್ಯಾಬಿನವರೇ ನೋಡಲಿ ಎಂದು ಯಂತ್ರವನ್ನು ಜೋಪಾನವಾಗಿ ಬಂದ್ ಮಾಡಿದಳು. ಒಂದು ಫೋಟೋ ತೆರೆದು ನೋಡಬಾರದಾಗಿತ್ತೇ? ಈ ಪ್ರಶ್ನೆ ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

"ಯಾರೋ ಬೇಕಂತ ಬಲೆ ಒಡ್ಡಿದ್ರು," ಎಂದಳು.

ಓಂಕಾರ ಮೊಬೈಲನ್ನು ಹತ್ತಿರ ತಂದುಕೊಂಡು ಆ ಚಿತ್ರವನ್ನು ದೊಡ್ಡದು ಮಾಡಿ ಓದಿದ. ಓದುತ್ತ ಅವನ ಹುಬ್ಬು ಮೇಲೇರಿತು.

"ಇದು ಕಳ್ಳರ ಕೆಲಸಲ್ಲ ಆಮ್ರಾ. ಮೊದಲನೇ ಸಾಲಿನಾಗ ಫೋಟೋ ಎಲ್ಲಾ ಪೆನ್‌ಡ್ರೈವಿಗೆ ಕಾಪಿ ಮಾಡು ಅಂತೈತಿ. ಕಾಪಿ ಸರಿಯಾಗಿ ಆದ್ರ ಅಷ್ಟ ಇಲ್ಲಿಂದ ತಗಿ ಅಂತ ಎರಡನೇದು. ಕಸಾ ಗುಡಿಸಿ, ದೀಪಾ ಆರಿಸಿ ಮನಿಗೆ ಹೋಗೂ ಮಂದಿ ಬರದದ್ದು ಇದು."

"ಅಂದ್ರ?"

"ಅಂದ್ರ ನೀ ಬಂದ್ ಮಾಡಿದಾಗ ಅದಕ್ಕೊಂದು ಪೆನ್‌ಡ್ರೈವ್ ಹಚ್ಚಿತ್ತು. ನಿನ್ನ ಫೋಟೋ ಎಲ್ಲಾ ಅದರಾಗ ಅದಾವು."

ಆಮ್ರಪಾಲಿ ಟೋಪಿಯನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದಳು.

ಕೆಳಗೆ ಶಿದ್ಲಿಂಗಪ್ಪ ಜೀಪಿನ ಮುಂದಿನ ಗಾಜು ಒರೆಸುತ್ತಿದ್ದ. ಠಾಣೆಯ ಡ್ರೈವರ್, ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಅವಳು ಈ ಠಾಣೆಗೆ ಬಂದ ಹೊಸದರಲ್ಲಿ ಹೆಣ್ಣುಮಗಳೆಂದು ಕಣ್ಣು ಮಿಟುಕಿಸಿ ನಕ್ಕವರನ್ನು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದ. ಅವತ್ತಿನಿಂದ ಅವಳಿಗೆ ಅವನು ಕಾಕಾ. ಊಟ ತಪ್ಪಿದರೆ ಬೈಯುವವನೂ ಅವನೇ, ಜೀಪಿನಲ್ಲಿ ನಿದ್ದೆ ಬಂದರೆ ಗಾಡಿ ನಿಧಾನ ಮಾಡುವವನೂ ಅವನೇ.

ಈ ತಿಂಗಳು ಜೀಪಿನ ಮೇಲೆ ಅವನಿಗೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತ್ತು. ಮುಂದಿನ ಬಂಪರ್ ಗಾರ್ಡಿಗೆ ಸ್ವಂತ ಖರ್ಚಿನಿಂದ ಕರಿ ಬಣ್ಣ ಹೊಡೆಸಿದ್ದ. ರಿಟೈರ್ ಆಗುವವನಿಗೆ ಮದುವಿ ಗಾಡಿ ಬೇಕಾಗೈತೇನು ಎಂದು ಠಾಣೆಯವರು ಕಾಡಿದ್ದರು.

"ಎಲ್ಲಿಗ್ರಿ ಮೇಡಂ?"

"ಕಾಟಾಕ್ಕ ನಡಿ ಕಾಕಾ."

ದಾರಿಯುದ್ದಕ್ಕೂ ಅವಳು ಅವನಿಗೆ ಪೆನ್‌ಡ್ರೈವಿನ ಕಥೆ ಹೇಳಿದಳು. ಕೇಳುತ್ತ ಕೇಳುತ್ತ ಅವನು ಹ್ಞೂಂ ಎನ್ನುವುದನ್ನೂ ಬಿಟ್ಟ. ವಯಸ್ಸಾದವರಿಗೆ ಕಂಪ್ಯೂಟರಿನ ಮಾತು ತಲೆಗೆ ಹೋಗುವುದಿಲ್ಲ ಎಂದುಕೊಂಡು ಅವಳೂ ಸುಮ್ಮನಾದಳು. ಗೋಕಾಕದ ಪೇಟೆಯಲ್ಲಿ ಒಂದು ನಿಮಿಷ ಎಂದು ಇಳಿದು ಹೋದವನು ಕರದಂಟಿನ ಪೊಟ್ಟಣ ಹಿಡಿದು ಬಂದ. ಯಾರಿಗೆ ಎಂದರೆ, ಸಿದ್ರಾಯನ ಅವ್ವ ಹಣಮವ್ವನಿಗಂತೆ. ಹಲ್ಲಿಲ್ಲದ ಮುದುಕಿಗೆ ಕರದಂಟು ಒಯ್ಯುವವನನ್ನು ಇಲ್ಲೇ ನೋಡಿದೆ ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಬಾಯಾಗ ಇಟಗೊಂಡ್ರ ತಾನ ಕರಗತೈತ್ರಿ ಎಂದಷ್ಟೇ ಹೇಳಿ ಗೇರು ಹಾಕಿದ.

ಆ ಮನೆಗೆ ಅವನು ಪ್ರತಿಸಲವೂ ಹೀಗೆ ಏನಾದರೊಂದು ಒಯ್ಯುತ್ತಿದ್ದ. ಎಂಥ ಅಂತಃಕರಣದ ಮನುಷ್ಯ ಎಂದು ಆಮ್ರಪಾಲಿ ಎಷ್ಟೋ ಸಲ ಅಂದುಕೊಂಡಿದ್ದಳು.

ಕಾಟಾ ಮುಟ್ಟಿದಾಗ ಮಧ್ಯಾಹ್ನ. ಮುಂದಿನ ಹಳ್ಳದ ಸೇತುವೆ ಇನ್ನೂ ದುರಸ್ತಿಯಲ್ಲೇ ಇತ್ತು. ಹೀಗಾಗಿ ಗಾಡಿಗಳೆಲ್ಲ ದುರ್ಗಪ್ಪನ ಅಂಗಳ ಹೊಕ್ಕು, ಪ್ಲೇಟು ಹತ್ತಿಳಿದು, ಆಚೆಯ ಹೊಲದ ದಾರಿ ಹಿಡಿಯುತ್ತಿದ್ದವು. ಪ್ಲೇಟು ಕೆಡುತ್ತದೆ, ಯಾರನ್ನೂ ಬಿಡಬೇಡ ಎಂದು ದುರ್ಗಪ್ಪ ತಾಕೀತು ಮಾಡಿದ್ದ. ಪಾಪ, ಉದ್ದಪ್ಪ ಹಗಲೂ ರಾತ್ರಿ ಕೈ ಅಡ್ಡ ಹಿಡಿದು ಗಾಡಿಗಳ ಮುಂದೆ ನಿಲ್ಲುತ್ತಿದ್ದ.

ಹಾಲಿನ ವ್ಯಾನು, ಶಾಲೆಯ ಟೆಂಪೋ, ಇಟ್ಟಂಗಿಯ ಲಾರಿ, ಆ ನಸುಕಿನಲ್ಲಿ ಈ ಕಡೆ ಬಂದಿರಬಹುದಾದವರನ್ನೆಲ್ಲ ಆಮ್ರಪಾಲಿ ಠಾಣೆಗೆ ಕರೆಸಿ ಕೇಳಿದ್ದಳು. ಯಾರೂ ಒಪ್ಪಿರಲಿಲ್ಲ.

ದುರ್ಗಪ್ಪ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪೊಲೀಸರು ಕಂಪ್ಯೂಟರ್ ಒಯ್ದು ಧಂದೆ ಹಾಳು ಮಾಡಿದರೆಂದು ಅವನಿಗೆ ಸಿಟ್ಟು. ಆದರೂ ಚಹಾ ತರಿಸಿದ.

ನೀನು ಕಂಪ್ಯೂಟರನ್ನು ಹೇಗೆ ಬಂದ್ ಮಾಡುತ್ತಿದ್ದೆ ಎಂದು ಅವಳು ಕೇಳಿದಳು. ಇದೆಂಥ ಪ್ರಶ್ನೆ ಎಂಬಂತೆ ಅವನು ಎದ್ದು ಹೋಗಿ ಗೋಡೆಯ ಬೋರ್ಡಿನ ಬಟನ್ ಟಪ್ಪೆಂದು ಒತ್ತಿ ತೋರಿಸಿದ. ಫ್ಯಾನೂ ನಿಂತಿತು, ದೀಪವೂ ಹೋಯಿತು.

"ಕಬ್ಬಿನ ಸುಗ್ಗಿಯಾಗ ರಾತ್ರಿನೂ ಚಾಲೂ ಇರತೈತ್ರಿ, ಬಂದ್ ಮಾಡೂದಂದ್ರ ಹಿಂಗ. ಎಲ್ಲಾ ಒಮ್ಮೆಲೇ ಬಂದ್."

"ಪರದೆ ಮ್ಯಾಲಿಂದ?"

"ಅದನ್ನೆಲ್ಲ ಯಾರ ಮಾಡ್ತಾರ್ರಿ? ಮೋಟರ್ ಬಂದ್ ಮಾಡಿದಂಗ ಮಾಡೂದು. ಆ ರೀತಿ ಮಾಡಾಕಿ ಒಬ್ಬಾಕೀನ ಇದ್ಲು, ಅನ್ನಪೂರ್ಣಾ. ನಾ ಬಟನ್ ಒತ್ತಿದ್ರ ನನಗ ಬೈತಿದ್ಲು."

ಆಮ್ರಪಾಲಿಯ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಅನ್ನಪೂರ್ಣಾ ಎಂದರೆ ಸಿದ್ರಾಯನ ಹೆಂಡತಿ.

ದುರ್ಗಪ್ಪ ತಾನಾಗಿಯೇ ಹೇಳತೊಡಗಿದ. ಗೋಕಾಕದಲ್ಲಿ ಕಂಪ್ಯೂಟರ್ ಕಲಿತ ಹುಡುಗಿ, ಮದುವೆಯಾಗಿ ಮಸಗುಪ್ಪಿಗೆ ಬಂದ ಮೇಲೆ ಕಾಟಾದಲ್ಲಿ ಕೂಡುತ್ತಿದ್ದಳು. ಫೋಟೋ ತುಂಬಿ ತುಂಬಿ ಯಂತ್ರ ಎತ್ತಿನ ಬಂಡಿಯ ಹಾಗೆ ತೆವಳುತ್ತಿತ್ತು. ಅವಳೇ ಏನೋ ಬರೆದು, ಸಂಜೆ ಬಂದ್ ಮಾಡಿದ ಕೂಡಲೇ ಆ ದಿನದ ಫೋಟೋ ಪೆನ್‌ಡ್ರೈವಿಗೆ ಹೋಗಿ ಯಂತ್ರ ಹಗುರಾಗುವಂತೆ ಮಾಡಿದಳು. ಹೋದ ವರ್ಷ ಹೆರಿಗೆಗೆಂದು ಕೆಲಸ ಬಿಟ್ಟಳು. ಅವಳು ಹೋದ ಮೇಲೆ ಬೋರ್ಡಿನ ಬಟನ್ನೇ ಗತಿ.

ಹಾಗಾದರೆ ಅವಳು ಹೋದಂದಿನಿಂದ ಆ ಯಂತ್ರವನ್ನು ಸರಿಯಾಗಿ ಬಂದ್ ಮಾಡಿದ ಕೈ ಒಂದೇ. ಆಮ್ರಪಾಲಿ ತನ್ನ ಕೈ ನೋಡಿಕೊಂಡಳು.

ಆಗ ಅವಳಿಗೆ ಇನ್ನೊಂದು ನೆನಪಾಯಿತು. ನೆನಪಾಗದೆ ಇದ್ದಿದ್ದರೇ ಚೆನ್ನಾಗಿತ್ತು. ಅವತ್ತು ಇದೇ ಬಾಗಿಲಲ್ಲಿ, ಕೂಸನ್ನು ಬಗಲಲ್ಲಿ ಹೊತ್ತುಕೊಂಡು ಅನ್ನಪೂರ್ಣಾ ನಿಂತಿದ್ದಳು. ಗಂಡನ ಕೈಗೆ ಬೇಡಿ ಬಿದ್ದ ಸುದ್ದಿ ಕೇಳಿ ಹೊಲದಿಂದ ಓಡಿ ಬಂದವಳು. ಆಮ್ರಪಾಲಿ ಮೌಸಿಗೆ ಕೈ ಹಾಕಿದಾಗ, ಮೇಡಂ, ಅದನ್ನ ಬಂದ್ ಮಾಡೂಕಿಂತ ಮೊದಲ, ಎಂದು ಏನೋ ಹೇಳಹೊರಟಿದ್ದಳು. ಗಂಡನನ್ನು ಬಿಡಿ ಎಂದು ಗೋಗರೆಯಲು ಬಂದಿದ್ದಾಳೆ ಎಂದುಕೊಂಡು ಆಮ್ರಪಾಲಿ ಅವಳ ಮುಖವನ್ನೂ ನೋಡದೆ, ಸುಮ್ಮನ ಹೊರಗ ನಿಂದ್ರಬೇ ಎಂದು ಗದರಿಸಿದ್ದಳು.

ಆ ಹೆಣ್ಣುಮಗಳು ಹೊರಗೆ ಹೋಗಿ ನಿಂತಿದ್ದಳು. ಚುಕ್ಕಿಗಳು ತಿರುಗಿದ್ದವು.

ದುರ್ಗಪ್ಪ ಮೇಜಿನ ಕೆಳಗಿನಿಂದ ಒಂದು ವಾಯರನ್ನು ಎಳೆದು ಮೇಲಕ್ಕೆ ಹಾಕಿದ. ಯಂತ್ರದ ಹಿಂಭಾಗ ಗೋಡೆಗೆ ಆನಿದ್ದರಿಂದ ಪೆನ್‌ಡ್ರೈವನ್ನು ಈ ಉದ್ದ ವಾಯರಿನ ತುದಿಗೆ ಚುಚ್ಚುತ್ತಿದ್ದರಂತೆ. ಪೊಲೀಸರು ಕಂಪ್ಯೂಟರಿನ ಡಬ್ಬಿಯನ್ನಷ್ಟೇ ಒಯ್ದು, ಇದನ್ನು ಕಸವೆಂದು ಬಿಟ್ಟಿದ್ದರು. ಈಗ ತುದಿ ಖಾಲಿಯಾಗಿತ್ತು.

"ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಯಾರ್ ಬರ್ತಾರ್ರಿ. ಮರುದಿನ ಅನ್ನಪೂರ್ಣಾ ಬಂದು, ನನ್ನ ಹಳೇ ಊಟದ ಡಬ್ಬಿ ಇಲ್ಲೇ ಉಳದೈತಿ ಅಂತ ಒಯ್ದಳು. ಅಷ್ಟ."

ಆಮ್ರಪಾಲಿ ಜೀಪನ್ನು ಮಸಗುಪ್ಪಿಯ ದಾರಿಗೆ ತಿರುಗಿಸಲು ಹೇಳಿದಳು. ಅವಳ ಮನಸ್ಸಿನಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಆ ಮನೆಗೆ ಅವಳು ಹೋದಾಗಲೆಲ್ಲ ಫೋಟೋ ಸಿಕ್ಕುವೇನು ಎಂದು ಕೇಳದವರಿಲ್ಲ. ಮುದುಕಿ ಕೇಳುತ್ತಿದ್ದಳು, ಓಣಿಯವರು ಕೇಳುತ್ತಿದ್ದರು. ಮಜ್ಜಿಗೆಯ ತಂಬಿಗೆ ತಂದಿಟ್ಟು, ಗೋಡೆಗೆ ಒರಗಿ ನಿಲ್ಲುವ ಅನ್ನಪೂರ್ಣಾ ಮಾತ್ರ ಒಂದು ದಿನವೂ ಕೇಳಿರಲಿಲ್ಲ.

ಗಂಡ ಜೈಲಿನಲ್ಲಿದ್ದರೆ ಅವನನ್ನು ಬಿಡಿಸುವ ಫೋಟೋ ಮುಚ್ಚಿಡುವ ಹೆಂಡತಿ ಇರುತ್ತಾಳೆಯೇ? ಹಾಗಿದ್ದರೆ ಎರಡೇ ಕಾರಣ. ಫೋಟೋದಲ್ಲಿ ಸಿದ್ರಾಯನೇ ಬಡಿಗೆ ಎತ್ತಿರಬೇಕು. ಇಲ್ಲವೇ ಅವನಿಗಿಂತ ಹತ್ತಿರದವರು ಯಾರೋ ಇರಬೇಕು.

ಮನೆಯ ಮುಂದೆ ಉಣ್ಣೆ ಹರವಿತ್ತು. ಹಣಮವ್ವ ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಳು. ಜೀಪು ನಿಂತದ್ದೇ ತಡ, "ಸಿಕ್ಕುವೇನ ಯವ್ವಾ?" ಎಂದಳು. ಶಿದ್ಲಿಂಗಪ್ಪ ಇಳಿದು ಕರದಂಟಿನ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟು, ಅವಳ ಕಣ್ಣನ್ನು ನೋಡದೆ ಜೀಪಿಗೆ ಮರಳಿದ.

ಆಮ್ರಪಾಲಿ ಒಳಗೆ ಹೋಗಿ ಅನ್ನಪೂರ್ಣಾಳ ಎದುರಿಗೇ ಕುಳಿತಳು. ಸುತ್ತುಬಳಸದೆ ಕೇಳಿದಳು.

"ಕಾಟಾದಾಗಿನ ಪೆನ್‌ಡ್ರೈವ್ ಎಲ್ಲಿ ಐತಿ?"

ಉಣ್ಣೆ ಬಿಡಿಸುತ್ತಿದ್ದ ಬೆರಳು ನಿಂತವು. "ನನಗ ಗೊತ್ತಿಲ್ರಿ."

"ನೀ ಡಬ್ಬಿ ತರಾಕ ಹೋಗಿದ್ದಿ."

"ಡಬ್ಬಿ ಅಷ್ಟ ತಂದೇನ್ರಿ."

ಬಾಗಿಲಲ್ಲಿ ಕೂಸನ್ನು ಹೊತ್ತು ನಿಂತಿದ್ದ ಹಣಮವ್ವನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ರೇಗಿದಳು. ತನ್ನ ಸೊಸೆ ಅಂಥವಳಲ್ಲ, ಮಗ ಒಳಗೆ ಕುಳಿತ ದಿನದಿಂದ ಅವಳು ಹೊಟ್ಟೆತುಂಬ ಉಂಡಿಲ್ಲ, ಅವಳ ಮೇಲೆ ಕಳವಿನ ಮಾತು ಆಡಬೇಡಿ ಎಂದಳು. ಪೊಲೀಸರಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕುಲದೇವರು ಬೀರಪ್ಪನ ಮೇಲಾದರೂ ಇರಲಿ ಎಂದು ಕೂಸನ್ನು ಕೆಳಗೆ ಬಿಟ್ಟು ದೇವರ ಗೂಡಿನತ್ತ ನಡೆದಳು.

ಆ ಮನೆಯಲ್ಲಿ ದೇವರ ಭಂಡಾರ ಎಂದರೆ ಅರಿಶಿನದ ಪುಡಿ ತುಂಬಿದ ಉಣ್ಣೆಯ ಚೀಲ. ಅದರೊಳಗೆ ಕೈಯಿಟ್ಟು, ಭಂಡಾರ ಹಿಡಿದು ಆಡಿದ ಮಾತು ಸುಳ್ಳಾಗಬಾರದು. ಕುರಿ ಕಳೆದರೂ, ಹೊಲದ ಬದುವಿನ ಜಗಳವಾದರೂ ಅವರ ನ್ಯಾಯ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ.

"ಅತ್ತಿ, ಅದೊಂದು ಬ್ಯಾಡ್ರಿ," ಎಂದಳು ಅನ್ನಪೂರ್ಣಾ.

"ಯಾಕ ಬ್ಯಾಡ? ಇಡು ಕೈ. ಇಟ್ಟು ಹೇಳು. ಇವರಿಗೂ ಗೊತ್ತಾಗ್ಲಿ."

ಮುದುಕಿ ಚೀಲ ಬಿಚ್ಚಿ ಸೊಸೆಯ ಮುಂದೆ ಹಿಡಿದಳು. ಅನ್ನಪೂರ್ಣಾ ಕೈ ಚಾಚಲಿಲ್ಲ. ಚಾಚದ್ದನ್ನು ಕಂಡು ಹಣಮವ್ವನ ಮುಖದ ಬಣ್ಣ ಇಳಿಯಿತು. ತಡೆಯಲಾರದೆ ತಾನೇ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಭಂಡಾರ ತೆಗೆದು ಸೊಸೆಯ ಅಂಗೈಗೆ ಸುರಿಯಹೋದಳು. ಪುಡಿಯ ಜೊತೆ ಏನೋ ಗಟ್ಟಿಯಾದದ್ದು ಬಂತು.

ಬೆರಳಿಗಿಂತ ಗಿಡ್ಡನೆಯ ಪೆನ್‌ಡ್ರೈವ್, ಅರಿಶಿನ ಮೆತ್ತಿದ್ದರೂ ಅದರ ಕೆಂಪು ಬಣ್ಣ ಕಾಣುತ್ತಿತ್ತು.

ಕೂಸು ನೆಲದ ಮೇಲೆ ಬಿದ್ದ ಅರಿಶಿನದಲ್ಲಿ ಕೈಯಾಡಿಸುತ್ತಿತ್ತು.

"ನನ್ನ ಮಗ ಅಲ್ಲಿ ಕೊಳ್ಯಾಕತ್ತಾನ," ಎಂದಳು ಹಣಮವ್ವ ಕೊನೆಗೆ. ಬೈಗುಳವಲ್ಲ, ಸಣ್ಣ ದನಿ. "ನೀ ಇದನ್ನ ದೇವರಾಗ ಮುಚ್ಚಿಟ್ಟಿದ್ದೇನು?"

"ಮುಚ್ಚಿಡಾಕ ಅಲ್ರಿ ಅತ್ತಿ. ಕಾಯಾಕ ಇಟ್ಟಿದ್ದೆ." ಅನ್ನಪೂರ್ಣಾ ಕಣ್ಣೊರೆಸಿಕೊಂಡು ಎದ್ದಳು. ಕೂಸನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟು, ಒಂದಿಷ್ಟು ಬಾಗಿಲ ಬಳಿ ನಿಂದರ್ರಿ, ಆ ಡ್ರೈವರ್ ಒಳಗ ಬರದಂಗ ನೋಡ್ಕೋರಿ ಎಂದಳು.

ಆಮ್ರಪಾಲಿಗೆ ಆ ಮಾತು ವಿಚಿತ್ರವೆನಿಸಿತು. ಆದರೆ ಕೇಳಲಿಲ್ಲ. ಮುದುಕಿಯ ಕೈಯಿಂದ ಭಂಡಾರದ ಸಮೇತ ಪೆನ್‌ಡ್ರೈವ್ ತೆಗೆದುಕೊಂಡು ಮುಷ್ಟಿ ಬಿಗಿದವಳಿಗೆ ಸೋಮವಾರದ ಮೊದಲೇ ಸಿಕ್ಕಿತಲ್ಲ ಎಂಬ ಸಮಾಧಾನ ಒಂದು ಕಡೆ, ಯಾರ ಸಂಸಾರ ಮುರಿಯುತ್ತದೋ ಎಂಬ ಅಳುಕು ಇನ್ನೊಂದು ಕಡೆ.

"ಸಿದ್ರಾಯ ಇದ್ದಾನೇನು ಇದರಾಗ?"

"ಅವರು ಕೊನೇ ಫೋಟೋದಾಗೂ ಇಲ್ರಿ. ಗಾಡಿ ಹೋದ ಮ್ಯಾಲ ಓಡಿ ಬಂದಾರ ಅವರು."

"ಮತ್ತ ಗಂಡನ್ನ ಯಾಕ ಜೈಲಿನಾಗ ಕೊಳಿಯಾಕ ಬಿಟ್ಟಿ? ಅವತ್ತ ನನ್ನ ಕೈಯಾಗ ಕೊಡಬೇಕಿಲ್ಲೇನು?"

ಅನ್ನಪೂರ್ಣಾ ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ಅವತ್ತ ಹೇಳಾಕ ಬಂದಿದ್ನಲ್ರಿ. ಬಂದ್ ಮಾಡಿದ್ರ ಫೋಟೋ ಪೆನ್‌ಡ್ರೈವಿಗೆ ಹೋಗ್ತಾವು, ಅದನ್ನೂ ಒಯ್ರಿ ಅಂತ ಹೇಳಾಕ. ಹೊರಗ ನಿಂದ್ರು ಅಂದ್ರಿ."

ಆಮ್ರಪಾಲಿ ತಲೆ ತಗ್ಗಿಸಿದಳು. ತಪ್ಪಾಯಿತು ಎನ್ನಬೇಕೆನಿಸಿತು.

"ಮರುದಿನ ತಗೊಂಡು ಬಂದು ನಿಮಗ ಕೊಡಾಕಂತನ ಹೊಂಟಿದ್ದೆ. ಕೊಡೂಕಿಂತ ಮೊದಲ ಒಮ್ಮೆ ನೋಡೂಣು ಅಂತ ಮೂಡಲಗಿಯೊಳಗ ಒಂದು ಕಂಪ್ಯೂಟರ್ ಅಂಗಡ್ಯಾಗ ಹಚ್ಚಿ ನೋಡಿದೆ. ನೋಡಿದ ಮ್ಯಾಲ ಯಾರ ಕೈಯಾಗ ಕೊಡಲಿ ಅನ್ನೂದ ತಿಳೀಲಿಲ್ರಿ. ಅದಕ್ಕ ಸೋಮವಾರ ಕೋರ್ಟಿನಾಗ ಜಡ್ಜ್ ಸಾಹೇಬರ ಕೈಯಾಗ ನಾನ ಕೊಡಬೇಕಂತ ಇಟ್ಟಿದ್ದೆ."

ಅವಳು ಸೆರಗಿನೊಳಗಿನಿಂದ ಮೊಬೈಲ್ ತೆಗೆದಳು. ಅಂಗಡಿಯ ಪರದೆಯಿಂದ ಹೊಡೆದುಕೊಂಡ ಫೋಟೋ. ಆಮ್ರಪಾಲಿಯ ಮುಂದೆ ಹಿಡಿದಳು.

ಮಂಜು. ಮಂಜಿನ ನಡುವೆ ಪ್ಲೇಟು ಹತ್ತುತ್ತಿರುವ ಗಾಡಿ. ಅದರ ಮುಂದೆ, ತಲೆಗೆ ಮಫ್ಲರ್ ಸುತ್ತಿಕೊಂಡು, ನಿಲ್ಲು ಎಂದು ಕೈ ಎತ್ತಿ ನಿಂತ ಉದ್ದಪ್ಪ. ಇನ್ನೂ ಬದುಕಿದ್ದ ಉದ್ದಪ್ಪ. ಆಮ್ರಪಾಲಿ ಮೊದಲು ಅವನನ್ನು ನೋಡಿದಳು, ಆಮೇಲೆ ಗಾಡಿಯ ನೆತ್ತಿಯ ಮೇಲಿನ ಕೆಂಪು ನೀಲಿ ದೀಪ ನೋಡಿದಳು, ಆಮೇಲೆ ನಂಬರ್ ಓದಿದಳು. ದಿನಕ್ಕೆ ನಾಲ್ಕಾರು ಸಲ ಹತ್ತಿಳಿಯುವ ಗಾಡಿಯ ನಂಬರ್ ಓದಲು ಯಾರಿಗೆ ಹೊತ್ತು ಬೇಕು.

ಸ್ಟೀರಿಂಗ್ ಹಿಡಿದ ಶಿದ್ಲಿಂಗಪ್ಪನ ಬಾಯಿ ತೆರೆದುಕೊಂಡಿತ್ತು. ಬ್ರೇಕ್ ಒತ್ತುತ್ತಿದ್ದನೋ, ಕೂಗುತ್ತಿದ್ದನೋ.

ಅವನ ಪಕ್ಕದ ಸೀಟಿನಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿಗೆ ತಲೆ ಆನಿಸಿ, ಆಮ್ರಪಾಲಿ ಗಾಢ ನಿದ್ದೆಯಲ್ಲಿದ್ದಳು.

ಎಲ್ಲವೂ ಒಮ್ಮೆಲೇ ನೆನಪಾಯಿತು. ಒಂದು ಜಗ್ಗಿದಂತಾದದ್ದು. ಅರೆ ಎಚ್ಚರದಲ್ಲಿ, ಏನಾತ ಕಾಕಾ, ಎಂದು ತಾನು ಕೇಳಿದ್ದು. ಏನಿಲ್ರಿ, ರಸ್ತಾ ಕೆಟ್ಟೈತಿ, ಮಲಕೋರಿ, ಎಂದ ದನಿ. ತಾನು ಮಲಗಿದ್ದು. ಹಾಲಿನ ವ್ಯಾನಿನವನನ್ನು ಕೇಳಿದ್ದಳು, ಟೆಂಪೋದವನನ್ನು ಕೇಳಿದ್ದಳು, ಲಾರಿಯವನನ್ನು ಬೆದರಿಸಿ ಕೇಳಿದ್ದಳು. ಆ ನಸುಕಿನಲ್ಲಿ ಮೂಡಲಗಿಯಿಂದ ಬಂದ ತನ್ನ ಜೀಪು ಯಾವ ದಾರಿ ಹಿಡಿಯಿತು ಎಂದು ಮಾತ್ರ ತನ್ನನ್ನು ತಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಬೇಡಿ ಹಾಕಿಸಿಕೊಳ್ಳುವಾಗ ಸಿದ್ರಾಯ ತನ್ನ ಕಂಬಳಿಯನ್ನು ಉದ್ದಪ್ಪನ ಮೈಮೇಲಿಂದ ತೆಗೆಯಲು ಒಪ್ಪಿರಲಿಲ್ಲ. ಚಳಿ ಐತ್ರಿ, ಇರ್ಲಿ, ಎಂದಿದ್ದ.

"ನೀವು ನಿದ್ದಿಯೊಳಗ ಇದ್ರಿ ಅಂತ ಫೋಟೋದಾಗ ಕಾಣತೈತ್ರಿ," ಎಂದಳು ಅನ್ನಪೂರ್ಣಾ ಮೆಲ್ಲಗೆ. "ಆದ್ರ ಖರೇನ ನಿದ್ದಿ ಮಾಡಿದ್ರೋ, ಆಮ್ಯಾಲ ಗೊತ್ತಾಗಿಯೂ ಸುಮ್ಮನಿದ್ರೋ, ಅದು ನನಗ ಹೆಂಗ ಗೊತ್ತಾಗ್ಬೇಕ್ರಿ? ನೀವ ಬಂದ್ ಮಾಡಿದ್ರಿ. ನೀವ ನನ್ನ ಹೊರಗ ಹಾಕಿದ್ರಿ. ಬೇಕಂತ ಮಾಡಿದ್ರಿ ಅಂತ ತಿಳ್ಕೊಂಡೆ."

ತಿಳಿದುಕೊಂಡದ್ದರಲ್ಲಿ ಅವಳ ತಪ್ಪೇನಿತ್ತು. ಕೋರ್ಟಿನಲ್ಲಿ ಯಾರೇ ಕೇಳಿದರೂ ಹಾಗೇ ತಿಳಿಯುತ್ತಾರೆ. ಜೀಪಿನಲ್ಲಿದ್ದ ಅಧಿಕಾರಿ, ಫೋಟೋ ಅಳಿಸಿದ ಅಧಿಕಾರಿ, ಬೇರೊಬ್ಬನಿಗೆ ಬೇಡಿ ಹಾಕಿದ ಅಧಿಕಾರಿ, ಮೂವರೂ ಒಬ್ಬಳೇ.

ಹೊರಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಚಪ್ಪರದ ಕೆಳಗೆ ಬೂಟಿನ ಹೆಜ್ಜೆ.

ಹಣಮವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಹೆಗಲ ಮೇಲಿನಿಂದ ಶಿದ್ಲಿಂಗಪ್ಪ ಒಳಗೆ ಇಣುಕಿದ. ಅವನ ಕಣ್ಣು ನೆಲದ ಮೇಲೆ ಚೆಲ್ಲಿದ ಅರಿಶಿನದ ಮೇಲೆ ಬಿತ್ತು, ಅಲ್ಲಿಂದ ಆಮ್ರಪಾಲಿಯ ಬಿಗಿದ ಮುಷ್ಟಿಗೆ ಬಂತು.

"ಏನರ ಸಿಕ್ತೇನ್ರಿ ಮೇಡಂ?"

ಮಗಳೊಬ್ಬಳನ್ನು ಬೇಡಿಕೊಳ್ಳುವ ದನಿ ಅದು. ಇಲ್ಲ ಎಂದು ಒಂದು ಮಾತು ಆಡಿದರೆ ಸಾಕು, ಅವನೂ ಉಳಿಯುತ್ತಾನೆ, ಅವಳೂ ಉಳಿಯುತ್ತಾಳೆ. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತು.

ಹಣಮವ್ವ ತಿರುಗಿ ನೋಡಿದಳು. ಅವಳ ನೋಟ ಆಮ್ರಪಾಲಿಯ ಮುಖದ ಮೇಲಿರಲಿಲ್ಲ, ಬೆರಳ ಸಂದಿಯಿಂದ ಉದುರುತ್ತಿದ್ದ ಹಳದಿ ಪುಡಿಯ ಮೇಲಿತ್ತು.

"ಕೈಯಾಗ ಭಂಡಾರ ಐತಿ ಯವ್ವಾ," ಎಂದಳು ಮುದುಕಿ. "ಈಗ ಹೇಳು."